ಕೋಲಿಗೆ ಮೈಲಿಗೆಯಿಲ್ಲ, ಕೈಗೆ?

ಮೊಹರಂ ಬಂತೆಂದರೆ ನಮ್ಮ ಕಡೆ ಒಂದು ಮಾತು ಕೇಳಿಬರುತ್ತದೆ. ಜಾತಿ ಇಲ್ಲ, ಮತ ಇಲ್ಲ, ಎಲ್ಲರೂ ಕೂಡಿ ಹೆಜ್ಜೆ ಹಾಕುತ್ತಾರೆ, ಭಾವೈಕ್ಯ ಎಂದರೆ ಇದೇ, ಎಂದು. ಭಾಷಣ ಮಾಡುವವರು ಇದನ್ನೇ ಹೇಳುತ್ತಾರೆ, ಪತ್ರಿಕೆಯವರು ಇದನ್ನೇ ಬರೆಯುತ್ತಾರೆ. ಮಾತು ಪೂರಾ ಸುಳ್ಳಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಯಾವ ತಾಲೂಕಿಗೆ ಹೋದರೂ ಅಲಾಯಿ ಕುಣಿಯ ಸುತ್ತ ಮುಸಲ್ಮಾನರ ಸಂಗಡ ಲಿಂಗಾಯತರು, ಕುರುಬರು, ತಳವಾರರು ಹೆಜ್ಜೆ ಹಾಕುವುದನ್ನು ಕಾಣಬಹುದು. ಕ್ರಿ.ಶ. 680ರಲ್ಲಿ ಕರ್ಬಲಾದ ಮರಳಿನಲ್ಲಿ ನೀರಿಲ್ಲದೆ ಸತ್ತವರ ದುಃಖವನ್ನು ಜೋಳದ ಹೊಲದ ಮಂದಿ ಕನ್ನಡದ ರಿವಾಯತ್ ಪದ ಕಟ್ಟಿ ಹಾಡುತ್ತಾರೆ. ಇದು ಸಣ್ಣ ಸಂಗತಿಯಲ್ಲ.

ನಮ್ಮ ಪ್ರಶ್ನೆ ಬೇರೆ. ಹಬ್ಬದ ರಾತ್ರಿ ಕೂಡಿ ಕುಣಿದವರು ಸಮಾನರಾಗುತ್ತಾರೆಯೇ? ಬೆಳಗಾಗುತ್ತಲೇ ಒಬ್ಬ ಊರೊಳಗೆ, ಒಬ್ಬ ಕೇರಿಗೆ ನಡೆದುಬಿಟ್ಟರೆ ಆ ಕುಣಿತದಲ್ಲಿ ಏನು ಕಡಿಮೆ ಬಿದ್ದಿತ್ತು?

ಇದಕ್ಕೆ ಉತ್ತರ ಬೇಕಾದರೆ ಹಬ್ಬವನ್ನು ನೋಡಬಾರದು. ಹಬ್ಬದ ಮುಂಚಿನ ತಾಲೀಮನ್ನು ನೋಡಬೇಕು.

ಕೋಲಾಟವನ್ನೇ ತಗೊಳ್ಳಿ. ಅದು ಒಬ್ಬನಿಂದ ಆಗುವ ಕುಣಿತವಲ್ಲ. ಎಂಟೋ, ಹನ್ನೆರಡೋ, ಹದಿನಾರೋ, ಸರಿಸಂಖ್ಯೆಯ ಮಂದಿ ಬೇಕು. ಒಳಗೊಂದು ಸುತ್ತು, ಹೊರಗೊಂದು ಸುತ್ತು. ಪ್ರತಿಯೊಬ್ಬನಿಗೂ ಎದುರಿಗೊಬ್ಬ ಜೋಡಿ. ತನ್ನ ಎರಡು ಕೋಲು ತಾನು ಕೂಡಿಸಿ ಹೊಡೆಯಬೇಕು, ಆಮೇಲೆ ಜೋಡಿಯ ಕೋಲಿಗೆ ಹೊಡೆಯಬೇಕು, ತಿರುಗಬೇಕು, ಮುಂದಿನವನ ಎದುರು ನಿಲ್ಲಬೇಕು. ಹೀಗೆ ಸುತ್ತು ಮುಗಿಯುವುದರೊಳಗೆ ಒಬ್ಬೊಬ್ಬನ ಕೋಲೂ ಎದುರು ಸಾಲಿನ ಎಲ್ಲರ ಕೋಲನ್ನೂ ಮುಟ್ಟಿರುತ್ತದೆ. ಅರ್ಧ ತಾಳ ತಡವಾಯಿತೋ, ಎದುರಿನವನ ಬೆರಳಿನ ಗೆಣ್ಣು ಒಡೆಯುತ್ತದೆ. ಜಡೆ ಕೋಲಾಟವಂತೂ ಇನ್ನೂ ಬಿಗಿ. ಮೇಲಿನಿಂದ ಇಳಿಬಿಟ್ಟ ಬಣ್ಣದ ಹಗ್ಗ ಹಿಡಿದು ಜಡೆ ಹೆಣೆದವರು ಅದೇ ಹೆಜ್ಜೆಯಲ್ಲಿ ಹಿಂದಕ್ಕೆ ಬಂದು ಬಿಚ್ಚಬೇಕು. ಒಬ್ಬ ತಪ್ಪಿದರೆ ಎಲ್ಲರ ಹಗ್ಗವೂ ಗಂಟು.

ಇಂಥದ್ದನ್ನು ಪುಸ್ತಕದಿಂದ ಕಲಿಯಲಿಕ್ಕೆ ಬರುವುದಿಲ್ಲ. ಹಿಂದೆ ಇಂಡಿ ತಾಲೂಕಿನಲ್ಲಿದ್ದು ಈಗ ಚಡಚಣಕ್ಕೆ ಸೇರಿರುವ ಹಲಸಂಗಿಯ ಗೆಳೆಯರು ಹಳ್ಳಿಯ ಹಾಡು ಕೂಡಿಹಾಕಿ 1931ರಲ್ಲಿ 'ಗರತಿಯ ಹಾಡು' ತಂದರು. ಅದು ದೊಡ್ಡ ಕೆಲಸ. ಆದರೆ ಹಾಡು ಕಾಗದದ ಮೇಲೆ ಕುಳಿತ ಹಾಗೆ ಹೆಜ್ಜೆ ಕೂಡುವುದಿಲ್ಲ. ಅದು ಒಂದು ಮೈಯಿಂದ ಇನ್ನೊಂದು ಮೈಗೇ ದಾಟಬೇಕು. ರಾತ್ರಿ ಉಂಡು ಬಂದು ಹಣಮಪ್ಪನ ಗುಡಿಯ ಮುಂದೆ ನಿಲ್ಲಬೇಕು. ಬಲ್ಲ ಹಿರಿಯ "ಏ ತಮ್ಮಾ, ಎಡಗಾಲ ಅಲ್ಲೋ, ಬಲಗಾಲ!" ಎಂದು ಬೈಯಬೇಕು. ತೋಳು ಹಿಡಿದು ತಿರುಗಿಸಬೇಕು, ಬೆನ್ನಿಗೆ ಕೈ ಕೊಟ್ಟು ಸುತ್ತಿನೊಳಗೆ ನೂಕಬೇಕು. ಮುಟ್ಟದೆ ಯಾರೂ ಕುಣಿತ ಕಲಿಸಿಲ್ಲ, ಬೈಸಿಕೊಳ್ಳದೆ ಯಾರೂ ಕಲಿತಿಲ್ಲ.

ಜಾತಿ ಸಿಕ್ಕಿಬೀಳುವುದು ಇಲ್ಲಿಯೇ. ಹಬ್ಬದ ದಿನ ಕೋಲು ಕೋಲಿಗೆ ಹತ್ತಿದರೆ ಯಾರಿಗೂ ಏನೂ ಹೋಗುವುದಿಲ್ಲ. ಕಟ್ಟಿಗೆಗೆ ಮೈಲಿಗೆ ಹತ್ತುವುದಿಲ್ಲ ಎಂದು ಜಾತಿಯ ಮನಸ್ಸು ತನಗೆ ತಾನೇ ಸಮಾಧಾನ ಹೇಳಿಕೊಳ್ಳುತ್ತದೆ. ಆದರೆ ತಾಲೀಮಿನಲ್ಲಿ ಕೇರಿಯ ಮುದುಕ ಗೌಡರ ಮಗನ ತೋಳು ಹಿಡಿದು "ತಪ್ಪ ಹೆಜ್ಜಿ ಹಾಕಾಕತ್ತಿ" ಎನ್ನಬಹುದೇ? ಅನ್ನಲಿಕ್ಕೆ ಬರುವುದಿಲ್ಲವಾದರೆ ಅವರಿಬ್ಬರೂ ಜೋಡಿಯಲ್ಲ. ಒಂದೇ ಸುತ್ತಿನಲ್ಲಿ ನಿಂತ ಇಬ್ಬರು, ಅಷ್ಟೇ.

ನಮ್ಮ ಅನೇಕ ಊರುಗಳಲ್ಲಿ ಆ ಮುದುಕ ಸುತ್ತಿನಲ್ಲಿಯೂ ಇರುವುದಿಲ್ಲ. ಹೊರಗೆ ನಿಂತು ಹಲಗಿ ಬಾರಿಸುತ್ತಿರುತ್ತಾನೆ. ಇದನ್ನು ನಿಂತು ಯೋಚಿಸಬೇಕು ಗೆಳೆಯರೇ. ಇಡೀ ಕುಣಿತ ನಡೆಯುವುದು ಅವನ ಕೈಯ ಮೇಲೆ. ಅವನು ಬಿರುಸು ಮಾಡಿದರೆ ಕಾಲು ಬಿರುಸು, ಅವನು ನಿಲ್ಲಿಸಿದರೆ ಕಾಲು ನಿಂತವು. ಬಾರಿಸುವವನು ಕುಣಿಯುವವರ ಪಾದ ನೋಡಿಯೇ ಬಾರಿಸಬೇಕಾದ್ದರಿಂದ ಊರಿನ ಎಲ್ಲ ಹೆಜ್ಜೆಯ ತಪ್ಪೂ ಒಪ್ಪೂ ಅವನಿಗೆ ಗೊತ್ತು. ನಲವತ್ತು ವರ್ಷ ನೋಡಿದ ಕಣ್ಣು. ಆದರೂ "ಬಾರಪಾ, ಹುಡುಗರಿಗೆ ಕಲಸು" ಎಂದು ಅವನನ್ನು ಯಾರೂ ಕರೆಯುವುದಿಲ್ಲ. ಕರೆಯುವುದು "ಬಾರಸು" ಎಂದು. ಸತ್ತ ದನದ ಚರ್ಮ ಹದವಾಗಿ ಹಲಗಿಯಾಗಿ ಗುಡಿಯ ಅಂಗಳಕ್ಕೆ ಹೋಗುತ್ತದೆ. ಹದ ಮಾಡಿದವನಿಗೆ ಅಂಗಳದ ಅಂಚು, ಸೆರಗಿನಲ್ಲಿ ಒಂದಿಷ್ಟು ಕಾಳು.

ಹಲಗಿಯನ್ನೇ ಬಿಸಾಕಿ ಎನ್ನುವ ಗೆಳೆಯರು ನಮ್ಮಲ್ಲಿದ್ದಾರೆ. ಅವರ ಸಿಟ್ಟು ನ್ಯಾಯದ್ದು. ಅಂಬೇಡ್ಕರರು 1928ರಲ್ಲಿ ಮುಂಬಯಿ ಶಾಸನಸಭೆಯಲ್ಲಿ ಮಹಾರ ವತನದ ಮಸೂದೆ ತಂದದ್ದು ಇಂಥ ಬಿಟ್ಟಿ ಊಳಿಗದ ಕುಣಿಕೆಯನ್ನು ಬಿಚ್ಚಲಿಕ್ಕೇ. ಆಗ ಈ ಜಿಲ್ಲೆಯೂ ಮುಂಬಯಿ ಪ್ರಾಂತದಲ್ಲೇ ಇತ್ತು. ಊಳಿಗ ಬಿಡಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ತಾಳ ನಮ್ಮಪ್ಪಂದಿರು ಗಳಿಸಿದ್ದು. ಕಾಳಿಗಾಗಿ ಬಾರಿಸುವುದನ್ನು ಬಿಟ್ಟ ಮಾತ್ರಕ್ಕೆ ಬಲ್ಲ ವಿದ್ಯೆಯನ್ನೂ ಬಾವಿಗೆ ಚೆಲ್ಲಬೇಕೇ? ಕಲಿಸುವವನಾಗಿ ನಿಲ್ಲುವುದು ಒಂದು, ಕರೆದಾಗ ಬಾರಿಸುವವನಾಗಿ ನಿಲ್ಲುವುದು ಇನ್ನೊಂದು.

ಊರವರು ಹೇಳುವುದು ಬೇರೆ. "ಕುಣ್ಯಾಕ ಕರದೀವಲ್ಲರೀ, ಇನ್ನೇನ ಬೇಕ ನಿಮಗ?" ಕರೆದದ್ದು ನಿಜ. ಕರೆಯುವ ಹಕ್ಕು ತಮ್ಮ ಕೈಯಲ್ಲೇ ಉಳಿಯಿತಲ್ಲ, ಅದರ ಬಗ್ಗೆ ಅವರು ಮಾತಾಡುವುದಿಲ್ಲ.

ಇದು ನಮ್ಮ ಊರಿನ ರೋಗ ಮಾತ್ರವಲ್ಲ. ಅಮೆರಿಕದ ನ್ಯೂಯಾರ್ಕಿನಲ್ಲಿ ಹಾರ್ಲೆಮ್ ಎಂಬ ಕರಿಯರ ಕೇರಿ. ಅಲ್ಲಿ 1926ರಲ್ಲಿ ಸವಾಯ್ ಎಂಬ ಕುಣಿತದ ಮನೆ ತೆರೆಯಿತು. ಕರಿಯರು, ಬಿಳಿಯರು ಒಂದೇ ನೆಲದ ಮೇಲೆ, ಕೈಯಲ್ಲಿ ಕೈ ಹಿಡಿದು ಕುಣಿಯಬಹುದಾದ ಅಪರೂಪದ ಜಾಗ ಅದು. ಲಿಂಡಿ ಹಾಪ್ ಎಂಬ ಜೋಡಿ ಕುಣಿತ ಅಲ್ಲಿ ಬೆಳೆಯಿತು. ಬಲ್ಲವರನ್ನು ನೋಡುತ್ತ, ಅವರ ಜೋಡಿಯಾಗುತ್ತ ಉಳಿದವರು ಕಲಿತರು. 1943ರಲ್ಲಿ ಸರಕಾರದವರು ಅದನ್ನು ಕೆಲವು ತಿಂಗಳು ಮುಚ್ಚಿಸಿದರು. ಅನೈತಿಕ ವ್ಯವಹಾರ ನಡೆಯುತ್ತದೆ ಎನ್ನುವುದು ಕಾಗದದ ಮೇಲಿನ ಕಾರಣ. ಕರಿಯ-ಬಿಳಿಯ ಜೋಡಿಗಳನ್ನು ಕಂಡು ಆಳುವವರಿಗೆ ಹೊಟ್ಟೆಯುರಿ ಎಂದು ಹಾರ್ಲೆಮಿನ ಮಂದಿ ಆಡಿಕೊಂಡರು. ನಮಗೆ ಹಾರ್ಲೆಮಿನವರ ಮಾತೇ ಸರಿ ಕಾಣುತ್ತದೆ.

ಜೋಡಿ ಎಂಬುದಕ್ಕೆ ಯಾಕಿಷ್ಟು ಹೆದರಿಕೆ? ಬಾಗೇವಾಡಿಯ ನೆಲದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲಿ ಹುಟ್ಟಿದ ಬಸವಣ್ಣನ ಕಲ್ಯಾಣದಲ್ಲಿ, ಎಲ್ಲ ಜಾತಿಯ ಶರಣರು ಕೂಡಿ ಕುಳಿತು ಮಾತಾಡುವತನಕ ಅರಸ ಹೇಗೋ ತಾಳಿಕೊಂಡ. ಸಮಗಾರ ಹರಳಯ್ಯನ ಮಗ, ಬ್ರಾಹ್ಮಣ ಮಧುವರಸನ ಮಗಳು ಜೋಡಿಯಾದಾಗ ಇಬ್ಬರು ಅಪ್ಪಂದಿರನ್ನೂ ಬೀದಿಯಲ್ಲಿ ಎಳೆಸಿ ಕೊಲ್ಲಿಸಿದ ಎಂದು ಪರಂಪರೆ ಹೇಳುತ್ತದೆ. ಒಟ್ಟಿಗೆ ಉಂಡರೆ ಸಾಲದು, ರಕ್ತ ಬೆರೆಯಬೇಕು ಎಂದು ಅಂಬೇಡ್ಕರರು 1936ರಲ್ಲಿ ಜಾತಿ ವಿನಾಶದ ಭಾಷಣದಲ್ಲಿ ವಾದಿಸಿದ್ದು ಈ ಕಾರಣಕ್ಕೇ. ಗುಂಪಿನಲ್ಲಿ ಜಾತಿ ಅಡಗಿಕೊಳ್ಳಬಹುದು. ಇಬ್ಬರೇ ಎದುರುಬದುರು ನಿಂತಾಗ ಅಡಗಲಿಕ್ಕೆ ಜಾಗವಿರುವುದಿಲ್ಲ.

ಇಷ್ಟು ಬರೆದ ಮೇಲೆ ನಮ್ಮ ಅಕ್ಕತಂಗಿಯರ ಪ್ರಶ್ನೆ ಏಳುತ್ತದೆ. ಅದನ್ನು ದಾಟಿ ಹೋಗಲಿಕ್ಕೆ ಬರುವುದಿಲ್ಲ. "ಕೂಡಿ ಕುಣಿಯೋಣು ಅಂತೀರಿ. ನಮ್ಮನ್ನ ಕುಣಿಸಿದವರು ಯಾರು, ನೆನಪದ ಏನು?" ಎಂದು ಅವರು ಕೇಳುತ್ತಾರೆ. ನೆನಪಿದೆ. ದೇವರ ಹೆಸರಿನಲ್ಲಿ ಮುತ್ತು ಕಟ್ಟಿ ಕೇರಿಯ ಹುಡುಗಿಯರನ್ನು ಬಿಟ್ಟವರು ಈ ಜಿಲ್ಲೆಯಲ್ಲಿಯೂ ಇದ್ದರು. 1934ರಲ್ಲಿ ಮುಂಬಯಿ ಸರಕಾರ ಕಾಯ್ದೆ ಮಾಡಿತು, 1982ರಲ್ಲಿ ಕರ್ನಾಟಕ ಇನ್ನೊಂದು ಮಾಡಿತು. ಐವತ್ತು ವರ್ಷದ ಅಂತರದಲ್ಲಿ ಎರಡು ಕಾಯ್ದೆ ಬೇಕಾದವೆಂದರೆ ಮೊದಲನೆಯದು ಎಷ್ಟು ನಡೆಯಿತು ಎಂದು ನೀವೇ ಲೆಕ್ಕ ಹಾಕಿ. ಆ ಹೆಣ್ಣುಮಕ್ಕಳನ್ನು ಮೇಲ್ಜಾತಿಯ ಗಂಡಸು ಮುಟ್ಟಿದಾಗ ಯಾವ ಮೈಲಿಗೆಯೂ ಆಗಲಿಲ್ಲ. ಹಾಗಾದರೆ ಮುಟ್ಟುವುದೇ ಬಿಡುಗಡೆ ಎಂದು ನಾವು ಬರೆಯುವುದು ಹೇಗೆ?

ಆದ್ದರಿಂದ ಜೋಡಿ ಎಂಬ ಮಾತಿಗೆ ಇನ್ನೊಂದು ಅರ್ಥ ಸೇರಿಸಲೇಬೇಕು. ಒಲ್ಲೆ ಎನ್ನುವ ಹಕ್ಕು. ಕರೆದವನ ಮುಖ ನೋಡಿ "ಇವತ್ತ ನಾ ಕೋಲ ಹಿಡಿಯಂಗಿಲ್ಲ" ಎಂದು ಹೇಳಿ, ಮರುದಿನ ಅವನ ಹೊಲದಲ್ಲಿ ಕೂಲಿ ಕಳೆದುಕೊಳ್ಳದೆ ಇರುವ ಹಕ್ಕು. ನಮ್ಮ ತಾಂಡಾಗಳ ಹೆಣ್ಣುಮಕ್ಕಳನ್ನೂ ಕೇಳಿ. ಕನ್ನಡಿ ಹಚ್ಚಿದ ಅಂಗಿ ತೊಡಿಸಿ ಮಂತ್ರಿಗಳ ಮುಂದೆ ಸುತ್ತುಗಟ್ಟಿ ಕುಣಿಸುತ್ತಾರೆ. ಅದೇ ತಾಂಡಾದ ಮಂದಿ ಸುಗ್ಗಿಯಾದ ಮೇಲೆ ಕೂಲಿ ಹುಡುಕಿಕೊಂಡು ಗೋವೆಗೆ, ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಲಾರಿ ಹತ್ತುತ್ತಾರೆ. ವೇದಿಕೆಯಲ್ಲಿ ಕುಣಿಯಲು ಒಲ್ಲೆ ಎಂದವಳನ್ನು ಯಾವ ಅಧಿಕಾರಿ ಮರ್ಯಾದೆಯಿಂದ ಮಾತಾಡಿಸುತ್ತಾನೆ?

ತಿದ್ದುವ ಹಕ್ಕು, ಒಲ್ಲೆನೆನ್ನುವ ಹಕ್ಕು. ಇವೆರಡನ್ನು ಹಿಡಿದು ನಮ್ಮ ಕೇರಿಯ ಅಂಗಳದಲ್ಲಿ ನಾವು ರಾತ್ರಿ ಕೋಲು ಕಲಿಸಲು ತೊಡಗಿದೆವು. ಹಲಗಿಯ ಹಿರಿಯನೇ ಕಲಿಸುವವ. ಯಾರು ಬೇಕಾದರೂ ಬರಬಹುದು ಎಂದು ಊರೊಳಗೂ ಹೇಳಿ ಕಳಿಸಿದೆವು. ಮೊದಲ ವಾರ ಯಾರೂ ಬರಲಿಲ್ಲ. ಆಮೇಲೆ ಊರೊಳಗಿನ ಒಬ್ಬ ಕಾಲೇಜು ಹುಡುಗ ಬಂದ, ಗೋಡೆಗೆ ಒರಗಿ ನೋಡುತ್ತ ನಿಂತ. ಮೂರನೆಯ ರಾತ್ರಿ ಸುತ್ತಿಗೆ ಇಳಿದ. ಎರಡೇ ಏಟಿಗೆ ಬೆರಳಿಗೆ ಬಡಿಸಿಕೊಂಡ. ಹಿರಿಯ ಹಲಗಿ ಕೆಳಗಿಟ್ಟು ಬಂದು ಅವನ ಮುಂಗೈ ಹಿಡಿದ. "ಕೋಲ ಬಿಗಿ ಹಿಡೀಬ್ಯಾಡ ತಮ್ಮಾ. ಎದರಗಿನಂವನ ಕಾಲ ನೋಡು, ಕೋಲ ನೋಡಬ್ಯಾಡ" ಅಂದ. ಹುಡುಗ ಕೈ ಎಳೆದುಕೊಳ್ಳಲಿಲ್ಲ. "ಹಿಂಗೇನ್ರಿ ಕಾಕಾ?" ಅಂದ. ಸುತ್ತಿನಲ್ಲಿ ಒಂದು ಗಳಿಗೆ ಎಲ್ಲರೂ ಸುಮ್ಮನಾದರು. ಊರೊಳಗಿನವರ ಬಾಯಲ್ಲಿ ಆ ಮುದುಕನಿಗೆ 'ರೀ' ಹತ್ತಿದ್ದನ್ನು ನಾವು ಅದೇ ಮೊದಲು ಕೇಳಿದ್ದು.

ಈಗ ಅವನು ದಿನಾ ಬರುತ್ತಾನೆ. ಹೆಜ್ಜೆ ಕೂಡುತ್ತಿವೆ. ಕುಡಿಯುವ ನೀರನ್ನು ಮಾತ್ರ ಮನೆಯಿಂದ ಬಾಟಲಿಯಲ್ಲಿ ತರುತ್ತಾನೆ.