ತೂಕ, ತಪ ಮತ್ತು ವೈದ್ಯರ ಹಿತವಚನ

ಆಹಾರವನ್ನು ಕಡಿಮೆ ಮಾಡಬೇಕೆಂದು ಶ್ರಾವಕನಿಗೆ ಇಂದು ಎರಡು ಕಡೆಯಿಂದ ಉಪದೇಶ ಬರುತ್ತಿದೆ. ಒಂದು ಆಗಮದಿಂದ, ಇನ್ನೊಂದು ಆಸ್ಪತ್ರೆಯಿಂದ. ಆರು ಬಾಹ್ಯತಪಗಳಲ್ಲಿ ಅನಶನ, ಅವಮೌದರ್ಯ, ವೃತ್ತಿಪರಿಸಂಖ್ಯಾನ, ರಸಪರಿತ್ಯಾಗ ಎಂಬ ನಾಲ್ಕು ಆಹಾರಕ್ಕೇ ಸಂಬಂಧಿಸಿದವು. ಪುರುಷನಿಗೆ 32 ಮತ್ತು ಸ್ತ್ರೀಗೆ 28 ತುತ್ತುಗಳನ್ನು ಸಹಜಾಹಾರವೆಂದು ಎಣಿಸಿ, ಅದಕ್ಕಿಂತ ಕಡಿಮೆ ಉಣ್ಣುವುದನ್ನು ಪ್ರಾಚೀನರು ಅವಮೌದರ್ಯವೆಂದರು. ವೈದ್ಯರ ಗಣನೆ ಬೇರೆ. ಕಿಲೋಗ್ರಾಂ ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸಿದಾಗ ದೊರೆಯುವ ಸಂಖ್ಯೆ 23 ಮುಟ್ಟಿದರೆ ಭಾರತೀಯರಿಗೆ ಅಧಿಕ ತೂಕ, 25 ಮುಟ್ಟಿದರೆ ಸ್ಥೂಲಕಾಯ ಎಂದು 2009ರಲ್ಲಿ ದೇಶದ ತಜ್ಞರು ನಿರ್ಣಯಿಸಿದರು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ 15ರಿಂದ 49 ವರ್ಷದ ಸ್ತ್ರೀಯರಲ್ಲಿ ನೂರಕ್ಕೆ 24 ಮಂದಿ, ಪುರುಷರಲ್ಲಿ ಸುಮಾರು 23 ಮಂದಿ 25ರ ಈ ಗೆರೆಯನ್ನು ಮುಟ್ಟಿದ್ದರು ಇಲ್ಲವೆ ದಾಟಿದ್ದರು.

ಇಲ್ಲಿ ಎರಡು ಪ್ರಶ್ನೆಗಳು ವಿಚಾರಣೀಯವಾಗಿವೆ. ತೂಕ ಇಳಿಸಲೆಂದು ಮಾಡಿದ ಉಪವಾಸವು ತಪವಾದೀತೆ? ವ್ರತಧಾರಿಯಾದ ರೋಗಿಗೆ ವೈದ್ಯನು ಹೇಗೆ ಬುದ್ಧಿ ಹೇಳಬೇಕು?

ಮೊದಲನೆಯದಕ್ಕೆ ಉತ್ತರ ‘ನಿದಾನ’ ಎಂಬ ಒಂದೇ ಶಬ್ದದಲ್ಲಿದೆ. ವೈದ್ಯಶಾಸ್ತ್ರದಲ್ಲಿ ನಿದಾನವೆಂದರೆ ರೋಗದ ಮೂಲವನ್ನು ಅರಿಯುವುದು. ಅದಿಲ್ಲದೆ ಚಿಕಿತ್ಸೆಯಿಲ್ಲ. ಜಿನಾಗಮದಲ್ಲಿ ನಿದಾನವೆಂದರೆ ತಪಕ್ಕೆ ಪ್ರತಿಫಲವನ್ನು ಬಯಸುವುದು. ಮಾಯಾ, ಮಿಥ್ಯಾತ್ವಗಳೊಡನೆ ಅದೂ ಒಂದು ಶಲ್ಯ. ಶಲ್ಯವಿಲ್ಲದವನೇ ವ್ರತಿಯೆಂದು ತತ್ತ್ವಾರ್ಥಸೂತ್ರದ ಅಭಿಪ್ರಾಯ. ಸೊಂಟದ ಸುತ್ತಳತೆ ಕುಗ್ಗಲೆಂದು ಅಷ್ಟಮಿಯ ಉಪವಾಸ ಹಿಡಿದವನು ಪಾಪಿಯಲ್ಲ, ಆದರೆ ಅವನು ಮಾಡಿದ್ದು ಚಿಕಿತ್ಸೆ. ಅದಕ್ಕೆ ತಪದ ಹೆಸರಿಡುವುದು ಸಲ್ಲದು. ಹಾಗೆಂದು ಚಿಕಿತ್ಸೆಯನ್ನು ಕೀಳೆಂದು ತಿಳಿಯಬೇಕಿಲ್ಲ. ಶರೀರವು ಧರ್ಮಸಾಧನೆಗೆ ಉಪಕರಣ, ಔಷಧದಾನವೂ ದಾನಗಳಲ್ಲಿ ಒಂದು. ವ್ರತದಿಂದ ತಾನಾಗಿ ತೂಕ ಇಳಿದರೆ ವ್ರತಕ್ಕೆ ದೋಷವೂ ಇಲ್ಲ.

ಎರಡನೆಯ ಪ್ರಶ್ನೆ ಹೆಚ್ಚು ಜಟಿಲವಾದುದು. ಕಲಘಟಗಿ ತಾಲೂಕಿನ ತಂಬೂರದಂಥ ಹಳ್ಳಿಯಿಂದ ಮಧುಮೇಹವುಳ್ಳ ಶ್ರಾವಿಕೆಯೊಬ್ಬಳು ಹುಬ್ಬಳ್ಳಿಯ ಆಸ್ಪತ್ರೆಗೆ ಹೋದಳೆಂದು ಭಾವಿಸಬಹುದು. ವೈದ್ಯರು ಅವಸರದಲ್ಲಿ, “ತೂಕ ಇಳಿಸ್ರಿ, ಮುಂಜಾನೆ ಬಿಸಿನೀರಿನ್ಯಾಗ ಜೇನುತುಪ್ಪ ಕುಡೀರಿ, ಗಜ್ಜರಿ, ಮೂಲಂಗಿ ತಿನ್ರಿ, ರಾತ್ರಿ ಅನ್ನ ಬಿಟ್ಟು ಒಂದ ರೊಟ್ಟಿ ಉಣ್ರಿ” ಎನ್ನುತ್ತಾರೆ. ಆಕೆ “ಆಗಲಿರೀ” ಎಂದು ಎದ್ದು ಬರುತ್ತಾಳೆ. ಜೇನು ಮೂರು ಮಕಾರಗಳಲ್ಲಿ ಒಂದು, ಗಜ್ಜರಿ ಮೂಲಂಗಿಗಳು ಕಂದಮೂಲ, ರಾತ್ರಿಭೋಜನವಂತೂ ಆಕೆಗಿಲ್ಲ. ಹೇಳಿದ್ದರಲ್ಲಿ ಒಂದೂ ನಡೆಯದು. ಇದಕ್ಕಿಂತ ಕೇಡು ಮತ್ತೊಂದಿದೆ. ಚತುರ್ದಶಿಯಂದು ಆಕೆ ಚತುರ್ವಿಧ ಆಹಾರವನ್ನೂ ತ್ಯಜಿಸುತ್ತಾಳೆಂಬುದನ್ನು ವೈದ್ಯರು ಕೇಳಲಿಲ್ಲ, ಆಕೆಯೂ ಹೇಳಲಿಲ್ಲ. ಇನ್ಸುಲಿನ್ ಅಥವಾ ಕೆಲವು ಬಗೆಯ ಮಾತ್ರೆ ತೆಗೆದುಕೊಂಡು ಉಣ್ಣದಿದ್ದರೆ ರಕ್ತದ ಸಕ್ಕರೆ ಅತಿಯಾಗಿ ಇಳಿದು ಬೆವರು, ನಡುಕ, ಕೊನೆಗೆ ಪ್ರಜ್ಞೆ ತಪ್ಪುವುದೂ ಉಂಟು. ಇಂಥಲ್ಲಿ ಮೌನವು ಪ್ರಾಣಕ್ಕೇ ಎರವಾದೀತು.

ಆದುದರಿಂದ ವೈದ್ಯರಿಗೆ ಔಷಧದಂತೆಯೇ ಮಾತಿನ ಶಿಕ್ಷಣವೂ ಆವಶ್ಯಕ. ಭಾರತೀಯ ವೈದ್ಯಕೀಯ ಪರಿಷತ್ತು ರೂಪಿಸಿ, 2019ರಲ್ಲಿ ಪ್ರವೇಶ ಪಡೆದ ವಿದ್ಯಾರ್ಥಿಗಳಿಂದ ಜಾರಿಗೆ ಬಂದ ಎಂ.ಬಿ.ಬಿ.ಎಸ್. ಪಠ್ಯಕ್ರಮದಲ್ಲಿ ಮನೋಧರ್ಮ, ನೀತಿ ಮತ್ತು ಸಂವಹನಗಳ ಬೋಧನೆ ಸೇರಿದೆ. 1957ರಲ್ಲಿ ಆರಂಭವಾದ ಹುಬ್ಬಳ್ಳಿಯ ವೈದ್ಯಕೀಯ ಕಾಲೇಜು, 2003ರಲ್ಲಿ ಸತ್ತೂರಿನಲ್ಲಿ ಸ್ಥಾಪಿತವಾದ ಧರ್ಮಸ್ಥಳ ಮಂಜುನಾಥೇಶ್ವರ ಕಾಲೇಜು ಈ ಭಾಗಕ್ಕೆ ವೈದ್ಯರನ್ನು ಸಿದ್ಧಗೊಳಿಸುತ್ತಿವೆ. ತೂಕದ ವಿಷಯದಲ್ಲಿ ವೈದ್ಯರಿಗೆ ಕಲಿಸುವ ಪ್ರಸಿದ್ಧ ಕ್ರಮವೊಂದರಲ್ಲಿ ಐದು ಹಂತಗಳಿವೆ: ಮೊದಲು ಕೇಳುವುದು, ಸ್ಥಿತಿಯನ್ನು ಅಳೆಯುವುದು, ಸಲಹೆ ಕೊಡುವುದು, ಇಬ್ಬರೂ ಒಪ್ಪುವ ಗುರಿಯನ್ನು ನಿಶ್ಚಯಿಸುವುದು, ನಡೆಯಲು ನೆರವಾಗುವುದು. ಸಲಹೆಯ ಸ್ಥಾನ ಮೂರನೆಯದು ಎಂಬುದು ಗಮನಾರ್ಹ.

ಭಾಷಾಸಮಿತಿಯಲ್ಲಿ ಹೇಳಿದ ಹಿತ, ಮಿತ, ಅಸಂದಿಗ್ಧ ಎಂಬ ಮೂರು ಗುಣಗಳು ಈ ಶಿಕ್ಷಣಕ್ಕೂ ಒಪ್ಪುತ್ತವೆ. ರೋಗಿಯನ್ನು ನಾಚಿಸುವ ಮಾತು ಹಿತವಲ್ಲ; ದೇಹವನ್ನು ಹಂಗಿಸುವುದು ವಚನಹಿಂಸೆ. ಹತ್ತು ನಿಷೇಧಗಳನ್ನು ಒಮ್ಮೆಗೇ ಹೇರುವುದು ಮಿತವಲ್ಲ. “ಕಡಿಮೆ ಉಣ್ಣಿರಿ” ಎಂದಷ್ಟೇ ಹೇಳುವುದು ಅಸಂದಿಗ್ಧವಲ್ಲ. ಯಾವುದು, ಎಷ್ಟು, ಯಾವಾಗ, ಉಪವಾಸದ ದಿನ ಔಷಧದ ಗತಿಯೇನು, ಪಾರಣೆಯಂದು ಹೋಳಿಗೆ-ತುಪ್ಪ ಎಷ್ಟಿರಬೇಕು ಎಂಬುದು ಸ್ಪಷ್ಟವಾಗಬೇಕು. ವ್ರತವನ್ನು ಗೌರವಿಸುವ ವೈದ್ಯ ಈ ನಾಡಿಗೆ ಹೊಸಬನಲ್ಲ. 9ನೆಯ ಶತಮಾನದ ಉಗ್ರಾದಿತ್ಯನು ಮದ್ಯ-ಮಾಂಸಗಳಿಲ್ಲದ ಚಿಕಿತ್ಸೆಯನ್ನು ‘ಕಲ್ಯಾಣಕಾರಕ’ದಲ್ಲಿ ನಿರೂಪಿಸಿದನು. ಪೂಜ್ಯಪಾದರ ವೈದ್ಯಗ್ರಂಥವನ್ನು ಜಗದ್ದಳ ಸೋಮನಾಥನು ಕನ್ನಡಕ್ಕೆ ತಂದನು.

ಶ್ರಾವಕರ ಕರ್ತವ್ಯವೂ ಉಂಟು. ವೈದ್ಯರೆದುರು ವ್ರತವನ್ನು ಮುಚ್ಚಿಡುವುದು ಭಕ್ತಿಯಲ್ಲ. ಪರ್ವಕ್ಕೆ ಮುಂಚೆಯೇ ಹೋಗಿ ತಿಥಿಗಳನ್ನು ತಿಳಿಸಬೇಕು. ಅನಶನ ಸಲ್ಲದೆಂದು ವೈದ್ಯರು ಹೇಳಿದರೆ ಗುರುಗಳನ್ನು ಕೇಳಿ ಶಕ್ತ್ಯನುಸಾರ ಅವಮೌದರ್ಯವನ್ನೋ ರಸಪರಿತ್ಯಾಗವನ್ನೋ ಕೈಗೊಳ್ಳಬಹುದು. ಶಕ್ತಿಗೆ ತಕ್ಕ ತಪವನ್ನೇ ಜಿನಶಾಸನ ಹೇಳುತ್ತದೆ. ತಕ್ಕಡಿ ಶರೀರದ ತೂಕವನ್ನು ಹೇಳಬಲ್ಲದು. ಕಷಾಯ ಎಷ್ಟು ಇಳಿಯಿತೆಂಬುದನ್ನು ವ್ರತಿಯೇ ಪ್ರತಿಕ್ರಮಣದಲ್ಲಿ ನೋಡಿಕೊಳ್ಳಬೇಕು.