ಹೆಸರಿಡದೆ ಓಡಿಹೋದವನು

ಭಯಾನಕ ಕಾದಂಬರಿಗಳು ನಮ್ಮ ಮನೆಗಳಿಗೆ ತಕ್ಕದ್ದೇ ಎಂದು ನೀವು ಕೇಳಬಹುದು. ಮಕ್ಕಳ ಕೈಯಲ್ಲಿ ಅಂಥದ್ದು ಕಂಡರೆ ಕಸಿದಿಡುವ ತಂದೆತಾಯಿಯರಿದ್ದಾರೆ. ಕಸಿದುಕೊಂಡದ್ದು ಮೇರಿ ಶೆಲ್ಲಿಯ 'ಫ್ರಾಂಕೆನ್‌ಸ್ಟೈನ್' ಆಗಿದ್ದರೆ, ದಯವಿಟ್ಟು ಮೊದಲು ನೀವೇ ಅದನ್ನು ಓದಿ.

ಆ ಹೆಸರು ಕೇಳಿದೊಡನೆ ಚಪ್ಪಟೆ ತಲೆಯ, ಮಾತು ಬಾರದ ರಾಕ್ಷಸನೊಬ್ಬ ಕಣ್ಣಮುಂದೆ ನಿಲ್ಲುತ್ತಾನೆ. ಅದು 1931ರ ಚಲನಚಿತ್ರ ಕೊಟ್ಟ ಮುಖ. ಪುಸ್ತಕದಲ್ಲಿ ಫ್ರಾಂಕೆನ್‌ಸ್ಟೈನ್ ಎಂಬುದು ಅವನನ್ನು ಸೃಷ್ಟಿಸಿದ ವಿದ್ಯಾರ್ಥಿ ವಿಕ್ಟರನ ಮನೆತನದ ಹೆಸರು. ಸೃಷ್ಟಿಯಾದವನಿಗೆ ಹೆಸರೇ ಇಲ್ಲ. ಸುಮಾರು ಎರಡು ವರ್ಷ ಊಟ ನಿದ್ದೆ ಬಿಟ್ಟು ದುಡಿದ ವಿಕ್ಟರ್, ಆ ಜೀವ ಕಣ್ಣು ತೆರೆದ ಕೂಡಲೇ ಅದರ ರೂಪಕ್ಕೆ ಹೇಸಿ ಕೋಣೆಯಿಂದ ಓಡಿಹೋಗುತ್ತಾನೆ. ಹೆಸರಿಡುವಷ್ಟು ಹೊತ್ತೂ ನಿಲ್ಲುವುದಿಲ್ಲ.

1816ರಲ್ಲಿ ಇದನ್ನು ಬರೆಯತೊಡಗಿದಾಗ ಮೇರಿಗೆ 18 ವರ್ಷ. ಇವಳು ಹುಟ್ಟಿದ ಕೆಲವೇ ದಿನಗಳಲ್ಲಿ ಹೆತ್ತ ತಾಯಿ ತೀರಿಹೋಗಿದ್ದಳು. ಇವಳ ಚೊಚ್ಚಲ ಮಗುವೂ 1815ರಲ್ಲಿ ದಿನ ತುಂಬದೆ ಹುಟ್ಟಿ, ಎರಡು ವಾರ ತುಂಬುವ ಮೊದಲೇ ಕಣ್ಮುಚ್ಚಿತ್ತು. ತಾಯಿಯಿಲ್ಲದ ಜೀವವೊಂದರ ಗೋಳು ಇವಳಿಗೆ ಹೊರಗಿನ ವಿಷಯವಾಗಿರಲಿಲ್ಲ.

ಆ ಅನಾಥ ಜೀವ ಬಡ ಕುಟುಂಬವೊಂದರ ಮನೆಗೆ ಒತ್ತಿಕೊಂಡ ಗೂಡಿನಲ್ಲಿ ಅಡಗುತ್ತದೆ. ಗೋಡೆಯ ಬಿರುಕಿನಿಂದ ಅವರನ್ನು ನೋಡುತ್ತಲೇ ಮಾತು ಕಲಿಯುತ್ತದೆ; ಅವರಿಗೆ ತಿಳಿಯದಂತೆ ರಾತ್ರಿ ಸೌದೆ ತಂದು ಹಾಕುತ್ತದೆ. ಅದನ್ನು ಆದರದಿಂದ ಮಾತನಾಡಿಸುವವನು ಆ ಮನೆಯ ಕುರುಡ ಮುದುಕ ಮಾತ್ರ. ಕಣ್ಣುಳ್ಳ ಮಗ ಬಂದು ಕೋಲಿನಿಂದ ಬಡಿಯುತ್ತಾನೆ. ಕೊಲೆಗಳು ಶುರುವಾಗುವುದು ಆಮೇಲೆ. ಹಾಗೆಂದು ವಿಕ್ಟರನ ಎಳೆಯ ತಮ್ಮನ ಕತ್ತು ಹಿಸುಕಿದ್ದಕ್ಕೆ ಈ ನೋವು ಸಮರ್ಥನೆಯಾಗದು. ಮೇರಿಯೂ ಹಾಗೆನ್ನುವುದಿಲ್ಲ.

ಆದರೆ ನನ್ನನ್ನು ಹೆಚ್ಚು ಕಾಡುವವಳು ಜಸ್ಟಿನ್. ಆ ಕೊಲೆಯ ಆರೋಪ ಮನೆಗೆಲಸದ ಈ ಹುಡುಗಿಯ ಮೇಲೆ ಬರುತ್ತದೆ. ಕೊಂದವನಾರೆಂದು ವಿಕ್ಟರನಿಗೆ ಮನವರಿಕೆಯಾಗಿದೆ. ಹೇಳಿದರೆ ಹುಚ್ಚನೆಂದಾರು ಎಂದು ಬಾಯಿ ಮುಚ್ಚಿಕೊಳ್ಳುತ್ತಾನೆ. ಪಾಪನಿವೇದನೆ ಕೇಳುವ ಗುರು ಬಹಿಷ್ಕಾರದ, ನರಕದ ಬೆದರಿಕೆ ಹಾಕಿದಾಗ ಅವಳು ಮಾಡದ ಕೊಲೆಯನ್ನು ಒಪ್ಪಿಕೊಳ್ಳುತ್ತಾಳೆ. (ಈ ಪುಟವನ್ನು ನಾವು ಕಥೋಲಿಕರು ಹಾರಿಸದೆ ಓದಬೇಕು.) ಅವಳಿಗೆ ಮರಣದಂಡನೆಯಾಗುತ್ತದೆ. ಪೂಜೆಯ ಆರಂಭದಲ್ಲಿ ನಾವು ಮಾಡಿದ ಪಾಪಗಳ ಜೊತೆಗೆ, ಮಾಡಬೇಕಾಗಿದ್ದೂ ಮಾಡದೆ ಬಿಟ್ಟದ್ದನ್ನೂ ಒಪ್ಪಿಕೊಳ್ಳುತ್ತೇವಲ್ಲವೇ? ವಿಕ್ಟರ್ ಯಾರನ್ನೂ ಕೈಯಾರೆ ಕೊಲ್ಲಲಿಲ್ಲ. ಸುಮ್ಮನಿದ್ದ, ಅಷ್ಟೇ. ಬಿರುಗಾಳಿ, ಕತ್ತಲು, ಸ್ಮಶಾನ ಎಲ್ಲವೂ ಈ ಪುಸ್ತಕದಲ್ಲಿವೆ. ಇಂದಿನ ಓದುಗನಿಗೆ ಅವುಗಳಿಂದ ಭಯವಾಗದಿರಬಹುದು. ಆ ಮೌನ ಮಾತ್ರ ಇಂದೂ ಮೈ ಜುಮ್ಮೆನ್ನಿಸುತ್ತದೆ.

ಕೊನೆಗೆ, ಉತ್ತರದ ಹಿಮಸಾಗರದಲ್ಲಿ ಹಡಗೊಂದರ ಮೇಲೆ ವಿಕ್ಟರ್ ಸಾಯುತ್ತಾನೆ. ತನ್ನ ನಡತೆಯನ್ನೆಲ್ಲ ಪರಿಶೀಲಿಸಿದ್ದೇನೆ, ಅದರಲ್ಲಿ ತಪ್ಪೇನೂ ಕಾಣಲಿಲ್ಲ ಎಂದು ಹೇಳಿಯೇ ಸಾಯುತ್ತಾನೆ. ಅವನ ಶವದ ಬಳಿ ಕ್ಷಮೆ ಬೇಡುತ್ತ ನಿಂತದ್ದು ಆ ಹೆಸರಿಲ್ಲದ ಜೀವ.