ಪಟ್ಟಿಯಲ್ಲಿಲ್ಲದ ಹೆಸರು

ಮಂಜುಗಡ್ಡೆ ಎಂದರೆ ಫ್ರಿಜ್ಜಿನೊಳಗಿನದು ಮಾತ್ರ ಗೊತ್ತಿದ್ದ ನನಗೆ ಐಸ್ ಹಾಕಿಯ ಗಂಧಗಾಳಿಯೂ ಇರಲಿಲ್ಲ. ಒಂದು ರಾತ್ರಿ ಮಗ ಟೀವಿಯಲ್ಲಿ ‘ಮಿರಾಕಲ್’ ಎಂಬ ಸಿನಿಮಾ ಹಾಕಿದ್ದ. ಅವರೆಕಾಯಿ ಬಿಡಿಸುತ್ತ ನಾನೂ ಕೂತೆ. ಅಮೆರಿಕದ ಕೋಚ್ ಹರ್ಬ್ ಬ್ರೂಕ್ಸ್‌ನ ಕಥೆ. ಸಿನಿಮಾ ಮುಗಿದರೂ ಆತ ನನ್ನ ತಲೆಯಿಂದ ಇಳಿಯಲಿಲ್ಲ. ಹುಡುಕಿ ಓದಿದೆ.

1960ರ ಒಲಿಂಪಿಕ್ಸ್‌ಗೆ ಅಮೆರಿಕದ ತಂಡ ಆರಿಸುವಾಗ ಕೊನೆಯ ಗಳಿಗೆಯಲ್ಲಿ ಕೈಬಿಟ್ಟದ್ದು ಇದೇ ಬ್ರೂಕ್ಸ್‌ನನ್ನು. ಆ ತಂಡ ಚಿನ್ನ ಗೆದ್ದಿತು. ಆತ ಆಟ ಬಿಡಲಿಲ್ಲ. 1964 ಮತ್ತು 1968ರಲ್ಲಿ ಒಲಿಂಪಿಕ್ಸ್ ಆಡಿದ. 1980ಕ್ಕೆ ಅವನೇ ಕೋಚ್. ಕಾಲೇಜು ಹುಡುಗರನ್ನು ತಿಂಗಳುಗಟ್ಟಲೆ ಪಳಗಿಸಿದ. 1979ರಲ್ಲಿ ನಾರ್ವೆಯೊಡನೆ ಪಂದ್ಯ 3–3 ಸಮವಾದಾಗ, ಮನಸ್ಸಿಟ್ಟು ಆಡಲಿಲ್ಲವೆಂದು ಅವರನ್ನು ಅಲ್ಲೇ ಮಂಜಿನ ಮೇಲೆ ಓಡಿಸಿದ. ದೀಪ ಆರಿಸಿದರೂ ಬಿಡಲಿಲ್ಲ. ಒಲಿಂಪಿಕ್ಸ್‌ಗೆ ಇದ್ದದ್ದು 20 ಜಾಗ. ಕೊನೆಗೆ ರಾಲ್ಫ್ ಕಾಕ್ಸ್ ಎಂಬ ಹುಡುಗನನ್ನು ಬಿಡಬೇಕಾಯಿತು. 1980ರ ಫೆಬ್ರವರಿ 22ರಂದು ಆ ತಂಡ ಬಲಾಢ್ಯ ಸೋವಿಯತ್ ತಂಡವನ್ನು 4–3ರಿಂದ ಮಣಿಸಿತು. ಎರಡು ದಿನದ ಮೇಲೆ ಫಿನ್ಲೆಂಡನ್ನೂ ಸೋಲಿಸಿ ಚಿನ್ನ ಗೆದ್ದಿತು.

ಜಗತ್ತು ಆ ಗೆಲುವನ್ನು ನೆನೆಯುತ್ತದೆ. ನನ್ನನ್ನು ಕಾಡಿದವನು ಕಾಕ್ಸ್. ತಾನು ಉಂಡ ನೋವನ್ನೇ ಇನ್ನೊಬ್ಬನಿಗೆ ಉಣಿಸುವುದು ಸರಿಯೆ?

ಪ್ರಶ್ನೆ ನನಗೆ ದೂರದ್ದಲ್ಲ. ಶಾಲೆಯಲ್ಲಿ ಕನ್ನಡದ ಜೊತೆಗೆ ಹುಡುಗಿಯರ ಖೋ ಖೋ ಕೂಡ ಕೆಲವು ವರ್ಷ ನನ್ನ ಪಾಲಿಗಿತ್ತು. ತಂಡಕ್ಕೆ ಹನ್ನೆರಡು ಹೆಸರು. ಹದಿಮೂರನೆಯವಳೊಬ್ಬಳಿದ್ದಳು. ದಿನವೂ ಎಲ್ಲರಿಗಿಂತ ಮೊದಲು ಬಂದು ಸುಣ್ಣದ ಪುಡಿಯಿಂದ ಗೆರೆ ಎಳೆಯುವಳು. ಅವಳು ಬೆನ್ನಟ್ಟಿದ್ದರಿಂದಲೇ ಉಳಿದವರು ತಪ್ಪಿಸಿಕೊಳ್ಳುವುದನ್ನು ಕಲಿತರು. ಪಂದ್ಯದ ಹಿಂದಿನ ಸಂಜೆ ನಾನು ಪಟ್ಟಿಯನ್ನು ನೋಟೀಸ್ ಬೋರ್ಡಿಗೆ ಅಂಟಿಸಿ ಬಸ್ಸು ಹಿಡಿದೆ. ಅವಳು ಮತ್ತೆ ಮೈದಾನಕ್ಕೆ ಬರಲಿಲ್ಲ. ವರ್ಷದ ಕೊನೆಯಲ್ಲಿ ವರಾಂಡದಲ್ಲಿ ಸಿಕ್ಕಾಗ, “ನೀವೇ ಹೇಳಬಹುದಿತ್ತಲ್ಲ ಮಿಸ್” ಎಂದಷ್ಟೇ ಹೇಳಿ ನಡೆದಳು.

ಅವಳನ್ನು ಬಿಟ್ಟದ್ದು ತಪ್ಪೆಂದು ಈಗಲೂ ಅನ್ನಿಸುವುದಿಲ್ಲ. ಕನಿಕರಪಟ್ಟು ಸೇರಿಸಿಕೊಂಡಿದ್ದರೆ ಅವಳಿಗಿಂತ ಚುರುಕಾದವಳೊಬ್ಬಳಿಗೆ ಅನ್ಯಾಯವಾಗುತ್ತಿತ್ತು. ಆರಿಸುವವರು ಯಾರನ್ನೋ ಬಿಡಲೇಬೇಕು. ಕೈಯಲ್ಲಿರುವ ದುಡ್ಡು ಒಂದೇ ಮಗುವಿನ ಕಾಲೇಜಿಗೆ ಸಾಲುವಾಗ ತಾಯಂದಿರಿಗೂ ಈ ಸಂಕಟ ಗೊತ್ತು. ಆದರೆ ಬಿಡುವುದು ಬೇರೆ, ಬಿಟ್ಟು ಮುಖ ತಪ್ಪಿಸುವುದು ಬೇರೆ. ಹನ್ನೆರಡು ಜನರನ್ನು ತಯಾರು ಮಾಡಿದವಳು ನಾನೊಬ್ಬಳೇ ಅಲ್ಲ, ಅವಳೂ ಹೌದು. ಕಾಕ್ಸ್ ಕೂಡ ತಿಂಗಳುಗಟ್ಟಲೆ ಎದುರು ನಿಂತು ಆಡಿಯೇ ಆ 20 ಜನ ಹರಿತವಾದದ್ದು. ಪದಕದಲ್ಲಿ ಪಾಲಿಲ್ಲದವರಿಗೆ ಕನಿಷ್ಠ ಒಂದು ಮಾತಿನ ಋಣವಾದರೂ ಇರಬೇಡವೆ?

ಈಗ ಯಾವ ಪಟ್ಟಿಯಾದರೂ ಸರಿ, ನಾಟಕದ್ದೋ ಚರ್ಚಾಸ್ಪರ್ಧೆಯದೋ, ಅಂಟಿಸುವ ಮೊದಲು ಹೆಸರಿಲ್ಲದ ಮಗುವನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳುತ್ತೇನೆ. ಕಾರಣ ಹೇಳುತ್ತೇನೆ. ಅತ್ತರೆ ಅಳು ನಿಲ್ಲುವವರೆಗೆ ಕೂತಿರುತ್ತೇನೆ. ಒಮ್ಮೊಮ್ಮೆ ಬಸ್ಸು ತಪ್ಪುತ್ತದೆ.

ಆ ಹದಿಮೂರನೆಯವಳಿಗೆ ಮಾತ್ರ ಇನ್ನೂ ಹೇಳಿಲ್ಲ.